ಕೋಟೆ ಕೊಳ್ಳೆ ಹೋದ ಮೇಲೆ ಕೈಗೆ ಬಂದ ಕೀಲಿಕೈ

ಕೆನಡಾ ಇಲ್ಲಿಯವರೆಗೆ 24 ಪ್ರಧಾನಿಗಳನ್ನು ಕಂಡಿದೆ. ಅವರಲ್ಲಿ ಹೆಣ್ಣು ಒಬ್ಬರೇ. ಹೆಸರು ಕಿಮ್ ಕ್ಯಾಂಬೆಲ್. 1993ರ ಜೂನ್ 25ರಿಂದ ನವೆಂಬರ್ 4ರವರೆಗೆ, ಒಟ್ಟು 132 ದಿನ ಅವರು ಆ ಕುರ್ಚಿಯಲ್ಲಿದ್ದರು. ಆ ದಿನಗಳಲ್ಲಿ ಸಂಸತ್ತು ಒಮ್ಮೆಯೂ ಸೇರಲಿಲ್ಲ. ಪ್ರಧಾನಿಯಾಗಿ ಸದನದಲ್ಲಿ ಎದ್ದು ನಿಂತು ಒಂದು ಮಾತು ಆಡುವ ಅವಕಾಶವೂ ಅವರಿಗೆ ಸಿಗಲಿಲ್ಲ. ಅಕ್ಟೋಬರ್ 25ರ ಚುನಾವಣೆಯಲ್ಲಿ ಅವರ ಪಕ್ಷ 295 ಸೀಟುಗಳಲ್ಲಿ ಗೆದ್ದದ್ದು ಎರಡೇ ಎರಡು. ಅವರ ಸ್ವಂತ ಸೀಟೂ ಹೋಯಿತು.

ಈ ಹಳೇ ಕತೆ ಈಗ ಯಾಕೆ ಅಂತ ಕೇಳಬಹುದು. 2025ರ ಮಾರ್ಚ್ 9ರಂದು ಕೆನಡಾದ ಲಿಬರಲ್ ಪಕ್ಷ ಜಸ್ಟಿನ್ ಟ್ರುಡೊ ಜಾಗಕ್ಕೆ ಹೊಸ ನಾಯಕರನ್ನು ಆರಿಸಿತು. ಉಪಪ್ರಧಾನಿ, ಹಣಕಾಸು ಮಂತ್ರಿ ಆಗಿದ್ದ ಕ್ರಿಸ್ಟಿಯಾ ಫ್ರೀಲ್ಯಾಂಡ್ ಕಣದಲ್ಲಿದ್ದರು. ಅವರಿಗೆ ಬಂದದ್ದು 8% ಮತ. ಅದುವರೆಗೆ ಯಾವ ಚುನಾವಣೆಗೂ ನಿಂತಿರದ ಮಾರ್ಕ್ ಕಾರ್ನಿ ಅವರಿಗೆ ಸುಮಾರು 86%. ಇನ್ನೊಬ್ಬ ಹೆಣ್ಣುಮಗಳು ಆ ದೇಶದ ಪ್ರಧಾನಿ ಆಗುವ ದಿನ ಮತ್ತೆ ಮುಂದಕ್ಕೆ ಹೋಯಿತು.

ಕ್ಯಾಂಬೆಲ್ ಅವರ ಕತೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಅವಕಾಶ ಕೊಟ್ಟರು, ಸೋತರು. ನನಗೆ ಈ ಸಾಲು ಸರಿ ಅನ್ನಿಸಿಲ್ಲ. ಕುರ್ಚಿ ಯಾರಿಗೆ ಸಿಕ್ಕಿತು ಅಂತ ನಾವು ಲೆಕ್ಕ ಹಾಕುತ್ತೇವೆ. ಯಾವಾಗ ಸಿಕ್ಕಿತು, ಸಿಕ್ಕಾಗ ಅದರ ಕಾಲುಗಳು ಗಟ್ಟಿಯಾಗಿದ್ದವಾ ಅಂತ ಕೇಳುವುದಿಲ್ಲ. ಆ ಪ್ರಶ್ನೆ ಹಿಡಿದು ನೋಡಿದರೆ ಕತೆ ಬೇರೆಯೇ ಆಗುತ್ತದೆ.

ಸ್ಕೂಲ್ ಬೋರ್ಡಿನಿಂದ ಶುರು

ಕ್ಯಾಂಬೆಲ್ ಹುಟ್ಟಿದ್ದು 1947ರ ಮಾರ್ಚ್‌ನಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪೋರ್ಟ್ ಆಲ್ಬರ್ನಿ ಎಂಬ ಊರಿನಲ್ಲಿ. (ಅದೇ ವರ್ಷ ಆ ಪ್ರಾಂತ್ಯ ಭಾರತೀಯ ಮೂಲದವರಿಗೆ ಮತ ಹಾಕುವ ಹಕ್ಕು ಕೊಟ್ಟಿತು. ಅಲ್ಲಿಯವರೆಗೆ ನಮ್ಮವರಿಗೆ ಅಲ್ಲಿ ಓಟೇ ಇರಲಿಲ್ಲ.) ಅಪ್ಪ ಅಮ್ಮ ಇಟ್ಟ ಹೆಸರು ಏವ್ರಿಲ್ ಫೀಡ್ರಾ. 12ನೇ ವಯಸ್ಸಿನ ಹೊತ್ತಿಗೆ ಅಮ್ಮ ಮನೆ ಬಿಟ್ಟು ಹೋದರು. ಹುಡುಗಿ ತನ್ನ ಹೆಸರನ್ನು ತಾನೇ ಕಿಮ್ ಎಂದು ಬದಲಿಸಿಕೊಂಡಳು.

ಓದಿದ್ದು ರಾಜ್ಯಶಾಸ್ತ್ರ. ಸೋವಿಯತ್ ಆಡಳಿತದ ಮೇಲೆ ಪಿಎಚ್‌ಡಿ ಮಾಡಲು ಲಂಡನ್ನಿಗೆ ಹೋದರು, ಅದು ಮುಗಿಯಲಿಲ್ಲ. ವಾಪಸ್ ಬಂದು ಕಾನೂನು ಓದಿದರು. ಓದುತ್ತಿರುವಾಗಲೇ 1980ರಲ್ಲಿ ವ್ಯಾಂಕೂವರ್ ಸ್ಕೂಲ್ ಬೋರ್ಡಿಗೆ ಆರಿಸಿ ಬಂದರು, 1983ರಲ್ಲಿ ಅದರ ಅಧ್ಯಕ್ಷೆಯೂ ಆದರು. ಅಲ್ಲಿ ಸ್ಕೂಲ್ ಬೋರ್ಡಿಗೂ ಜನ ಮತ ಹಾಕಿಯೇ ಆರಿಸುತ್ತಾರೆ. ಬಜೆಟ್ ಎಲ್ಲಿ ಕಡಿಮೆ ಮಾಡಬೇಕು, ಮೇಷ್ಟ್ರುಗಳ ಸಂಬಳಕ್ಕೆ ಹಣ ಎಲ್ಲಿಂದ ತರಬೇಕು ಎಂಬ ಜಗಳಗಳೆಲ್ಲ ಅಲ್ಲೇ. ನಮ್ಮ ಪಂಚಾಯಿತಿಯ ಹಾಗೆ ಅದೂ ರಾಜಕೀಯದ ಮೊದಲ ಮೆಟ್ಟಿಲು.

ಆಮೇಲೆ ಪ್ರಾಂತ್ಯದ ರಾಜಕೀಯ. ಆಗ ಬ್ರಿಟಿಷ್ ಕೊಲಂಬಿಯಾ ಆಳುತ್ತಿದ್ದದ್ದು ಸೋಷಿಯಲ್ ಕ್ರೆಡಿಟ್ ಎಂಬ ಪಕ್ಷ. 1983ರಲ್ಲಿ ಅದರ ಟಿಕೆಟಿನಲ್ಲಿ ನಿಂತು ಕ್ಯಾಂಬೆಲ್ ಸೋತರು. 1985ರಲ್ಲಿ ಪ್ರೀಮಿಯರ್ ಬಿಲ್ ಬೆನೆಟ್ ಅವರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಪ್ರೀಮಿಯರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. 1986ರಲ್ಲಿ ಬೆನೆಟ್ ಇಳಿದಾಗ ಪಕ್ಷದ ನಾಯಕತ್ವಕ್ಕೆ ಹನ್ನೆರಡು ಮಂದಿ ಪೈಪೋಟಿಗೆ ನಿಂತರು. ಕ್ಯಾಂಬೆಲ್ ಅವರೂ ನಿಂತರು. ಸಿಕ್ಕಿದ್ದು 14 ಮತ. ಎಲ್ಲರಿಗಿಂತ ಕೊನೆ.

ಆದರೆ ಆ ಸಭೆಯಲ್ಲಿ ಅವರು ಆಡಿದ ಒಂದು ಮಾತು ಉಳಿಯಿತು. ಹುರುಳಿಲ್ಲದ ಮೋಡಿ ಅಪಾಯಕಾರಿ ಎಂಬ ಅರ್ಥದ ಮಾತು. ಅದು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ಆ ದಿನ ಗೆದ್ದು ಪ್ರೀಮಿಯರ್ ಆದ ಬಿಲ್ ವ್ಯಾಂಡರ್ ಜಾಮ್ ಅವರಿಗೆ. ಅದೇ ವರ್ಷ ಕ್ಯಾಂಬೆಲ್ ಪ್ರಾಂತ್ಯದ ಶಾಸಕಿಯಾಗಿ ಗೆದ್ದರು. ಮಂತ್ರಿ ಪದವಿ ಮಾತ್ರ ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತರು.

1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಗರ್ಭಪಾತದ ಹಳೇ ಕಾನೂನನ್ನು ಹೊಡೆದುಹಾಕಿತು. ವ್ಯಾಂಡರ್ ಜಾಮ್ ಅವರಿಗೆ ಅದು ಒಪ್ಪಿಗೆ ಆಗಲಿಲ್ಲ. ಗರ್ಭಪಾತಕ್ಕೆ ಸರ್ಕಾರದ ಆರೋಗ್ಯ ನಿಧಿಯಿಂದ ಹಣ ಕೊಡುವುದಿಲ್ಲ ಎಂದು ಹೊರಟರು. ಕ್ಯಾಂಬೆಲ್ ಸ್ವಂತ ಪಕ್ಷದ ಪ್ರೀಮಿಯರ್ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಅಲ್ಲಿಗೆ ಪ್ರಾಂತ್ಯದಲ್ಲಿ ಅವರ ದಾರಿ ಮುಚ್ಚಿದಂತೆಯೇ ಆಯಿತು. ಅದೇ ಹೊತ್ತಿಗೆ ಕೇಂದ್ರದಲ್ಲಿ ಒಂದು ಸೀಟು ಖಾಲಿಯಾಯಿತು. ವ್ಯಾಂಕೂವರ್ ಸೆಂಟರ್ ಕ್ಷೇತ್ರದ ಸಂಸದೆ, ಮಂತ್ರಿಯೂ ಆಗಿದ್ದ ಪ್ಯಾಟ್ ಕಾರ್ನಿ ಮತ್ತೆ ನಿಲ್ಲುವುದಿಲ್ಲ ಎಂದರು. ಆಗ ಕೇಂದ್ರದಲ್ಲಿ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಆ ಟಿಕೆಟನ್ನು ಕ್ಯಾಂಬೆಲ್ ಅವರಿಗೆ ಕೊಟ್ಟಿತು. 1988ರ ನವೆಂಬರ್‌ನಲ್ಲಿ ಅವರು ಗೆದ್ದರು. ಅಂತರ 269 ಮತ. ಎದುರಾಳಿಯೂ ಹೆಣ್ಣು, ನ್ಯೂ ಡೆಮಾಕ್ರಟಿಕ್ ಪಕ್ಷದ ಯೊಹಾನಾ ಡೆನ್ ಹೆರ್ಟಾಗ್.

ಇಲ್ಲಿ ಒಂದು ವಿಷಯ ಗಮನಿಸಿ. ಪ್ರಾಂತ್ಯದಲ್ಲಿ ಅವರು ದೊಡ್ಡ ಹುದ್ದೆ ಏನನ್ನೂ ಕಾಣಲಿಲ್ಲ. ಅಲ್ಲಿ ಕಲಿತದ್ದು ಸೋಲುವುದನ್ನು, ಒಂಟಿಯಾಗಿ ನಿಲ್ಲುವುದನ್ನು, ಇನ್ನೊಂದು ಬಾಗಿಲು ಹುಡುಕಿಕೊಳ್ಳುವುದನ್ನು. ರಾಜಕೀಯ ಮನೆತನ ಬೆನ್ನಿಗಿರಲಿಲ್ಲ. ಹೊರಟು ಹೋದ ಗಂಡನ ಅಥವಾ ಅಪ್ಪನ ಸೀಟು ತುಂಬಲು ಬಂದವರೂ ಅಲ್ಲ.

ಉಳಿದುಕೊಂಡ ಕೆಲಸ

1990ರ ಫೆಬ್ರವರಿಯಲ್ಲಿ ಪ್ರಧಾನಿ ಬ್ರಯಾನ್ ಮಲ್ರೋನಿ ಕ್ಯಾಂಬೆಲ್ ಅವರನ್ನು ನ್ಯಾಯ ಮಂತ್ರಿ ಮಾಡಿದರು. ಆ ಖಾತೆಗೆ ಅವರೇ ಮೊದಲ ಮಹಿಳೆ. ನನ್ನ ದೃಷ್ಟಿಯಲ್ಲಿ ಅವರ ರಾಜಕೀಯ ಜೀವನದ ತಿರುಳು ಈ ಮೂರು ವರ್ಷದಲ್ಲಿದೆ, ಆ 132 ದಿನದಲ್ಲಿ ಅಲ್ಲ.

1989ರ ಡಿಸೆಂಬರ್ 6ರಂದು ಮಾಂಟ್ರಿಯಲ್ ನಗರದ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜಿಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ತರಗತಿಯಲ್ಲಿ ಗಂಡುಹುಡುಗರನ್ನು ಹೊರಗೆ ಕಳಿಸಿ ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿದ. ಅವತ್ತು ಆ ಕಾಲೇಜಿನಲ್ಲಿ ಸತ್ತವರು 14 ಮಹಿಳೆಯರು. ಎರಡು ತಿಂಗಳ ಮೇಲೆ ನ್ಯಾಯ ಖಾತೆ ಕ್ಯಾಂಬೆಲ್ ಅವರ ಕೈಗೆ ಬಂತು. ಬಂದೂಕು ನಿಯಂತ್ರಣಕ್ಕೆ ಅವರು ತಂದ ಮೊದಲ ಮಸೂದೆ ಮುಂದೆ ಹೋಗಲಿಲ್ಲ. ಅಡ್ಡ ಬಂದವರಲ್ಲಿ ಹಳ್ಳಿಗಾಡಿನ ಕ್ಷೇತ್ರಗಳಿಂದ ಬಂದ ಅವರದೇ ಪಕ್ಷದ ಸಂಸದರಿದ್ದರು. ಕ್ಯಾಂಬೆಲ್ ಬಿಡಲಿಲ್ಲ. ತಿದ್ದಿದರು, ಮತ್ತೆ ತಂದರು. 1991ರ ಕೊನೆಯಲ್ಲಿ ಅದು ಕಾನೂನಾಯಿತು. ಬಂದೂಕಿನ ಪರವಾನಗಿಗೆ 28 ದಿನ ಕಾಯಬೇಕು ಎಂಬ ನಿಯಮ ಬಂತು. ಸುರಕ್ಷತೆಯ ತರಬೇತಿ ಬಂತು. ಮ್ಯಾಗಜಿನ್‌ನಲ್ಲಿ ಎಷ್ಟು ಗುಂಡು ಇರಬಹುದು ಅನ್ನುವುದಕ್ಕೆ ಮಿತಿ ಬಂತು.

ಅದಕ್ಕಿಂತ ದೊಡ್ಡದು ಇನ್ನೊಂದು. 1991ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅತ್ಯಾಚಾರ ಪ್ರಕರಣಗಳಲ್ಲಿ ಹೆಣ್ಣಿಗಿದ್ದ ಒಂದು ರಕ್ಷಣೆಯನ್ನು ರದ್ದು ಮಾಡಿತು. ದೂರು ಕೊಟ್ಟವಳ ಹಿಂದಿನ ಸಂಬಂಧಗಳನ್ನು ವಿಚಾರಣೆಯಲ್ಲಿ ಎಳೆದು ತರದಂತೆ ತಡೆಯುತ್ತಿದ್ದ ವಿಧಿ ಅದು. ಕ್ಯಾಂಬೆಲ್ ಬರೀ ಅದನ್ನು ಹೊಲಿದು ಸರಿಮಾಡುವಷ್ಟಕ್ಕೆ ನಿಲ್ಲಲಿಲ್ಲ. ಮಹಿಳಾ ಸಂಘಟನೆಗಳನ್ನು ಕರೆದು ಕೂರಿಸಿಕೊಂಡು ಮಾತಾಡಿದರು. 1992ರಲ್ಲಿ ಬಂದ ಹೊಸ ಕಾನೂನು ‘ಒಪ್ಪಿಗೆ’ ಅಂದರೆ ಏನು ಎಂದು ಬಿಡಿಸಿ ಬರೆಯಿತು. ಆಕೆ ತಾನಾಗಿ ಒಪ್ಪಿರಬೇಕು. ಸುಮ್ಮನಿದ್ದಳು, ಆದ್ದರಿಂದ ಒಪ್ಪಿದಳು ಅಂದುಕೊಂಡೆ ಎಂದರೆ ನಡೆಯುವುದಿಲ್ಲ. ಒಪ್ಪಿಗೆ ಇದೆಯಾ ಎಂದು ತಿಳಿದುಕೊಳ್ಳಲು ತಾನು ಏನು ಮಾಡಿದೆ ಎಂಬ ಪ್ರಶ್ನೆ ಆರೋಪಿಯನ್ನೇ ಕೇಳುತ್ತದೆ. ಜನ ಅದನ್ನು ‘ಬೇಡ ಅಂದರೆ ಬೇಡ’ ಕಾನೂನು ಎಂದೇ ಕರೆದರು. ಇವತ್ತಿಗೂ ಕೆನಡಾದ ಕೋರ್ಟುಗಳಲ್ಲಿ ಅದರ ಬುನಾದಿ ಹಾಗೇ ಇದೆ.

ಇದೇ ಅವಧಿಯಲ್ಲಿ ಅವರ ಹೆಸರಿಗೆ ಅಂಟಿಕೊಂಡ ಇನ್ನೊಂದು ಮಸೂದೆಯೂ ಇದೆ. ಅದನ್ನು ಬಿಟ್ಟು ಮುಂದೆ ಹೋದರೆ ಪ್ರಾಮಾಣಿಕ ಅಲ್ಲ. ಗರ್ಭಪಾತವನ್ನು ಮತ್ತೆ ಅಪರಾಧ ಸಂಹಿತೆಯೊಳಗೆ ತರುವ ಮಸೂದೆ ಅದು. ತಾಯಿಯ ಆರೋಗ್ಯಕ್ಕೆ ಅಪಾಯ ಇದೆ ಎಂದು ವೈದ್ಯರು ಹೇಳಿದರೆ ಮಾತ್ರ ಅನುಮತಿ. ಅದು ಅವರು ಮಂತ್ರಿಯಾಗುವ ಮೊದಲೇ ಸರ್ಕಾರ ತಂದಿದ್ದ ಮಸೂದೆ. ಆದರೆ ಅದನ್ನು ಸದನದಲ್ಲಿ ಸಮರ್ಥಿಸಿ ಮುಂದೆ ಒಯ್ದದ್ದು ಕ್ಯಾಂಬೆಲ್. ಹಿಂದೆ ಪ್ರೀಮಿಯರ್ ವಿರುದ್ಧ ಇದೇ ವಿಷಯಕ್ಕೆ ಎದ್ದು ನಿಂತವರು! ಕೆಳಮನೆ ಅದನ್ನು ಪಾಸು ಮಾಡಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ 1991ರ ಜನವರಿ 31ರಂದು ಮತ 43–43 ಆಯಿತು. ಸಮಬಲ ಆದರೆ ಮಸೂದೆ ಬಿತ್ತು ಎಂದೇ ಅಲ್ಲಿನ ನಿಯಮ. ವಿರುದ್ಧ ಮತ ಹಾಕಿದವರಲ್ಲಿ ಅವರದೇ ಪಕ್ಷದ ಪ್ಯಾಟ್ ಕಾರ್ನಿ ಇದ್ದರು, ಕ್ಯಾಂಬೆಲ್ ಅವರಿಗೆ ಕ್ಷೇತ್ರ ಬಿಟ್ಟುಕೊಟ್ಟ ಅದೇ ಪ್ಯಾಟ್ ಕಾರ್ನಿ. ಅವರು ಆಗ ಸೆನೆಟರ್ ಆಗಿದ್ದರು. ಆಮೇಲೆ ಕೆನಡಾದಲ್ಲಿ ಗರ್ಭಪಾತವನ್ನು ಅಪರಾಧ ಮಾಡುವ ಕಾನೂನು ಇವತ್ತಿನವರೆಗೂ ಬಂದಿಲ್ಲ.

ಕ್ಯಾಂಬೆಲ್ ಇಲ್ಲಿ ತಪ್ಪಿದರು ಎಂದೇ ನನ್ನ ಅನಿಸಿಕೆ. ಮಂತ್ರಿಮಂಡಲದ ತೀರ್ಮಾನವನ್ನು ಮಂತ್ರಿ ಹೊರಲೇಬೇಕು, ಅದು ನಿಜ. ಆದರೆ ಒಂದೇ ಸೀಟಿನಿಂದ ಬಂದ, ಒಂದೇ ಪಕ್ಷದ ಇಬ್ಬರು ಮಹಿಳೆಯರು ಎದುರುಬದುರು ನಿಂತ ಆ ದಿನ ಒಂದು ವಿಷಯವನ್ನು ಕಲಿಸುತ್ತದೆ. ಹೆಣ್ಣು ಅಧಿಕಾರಕ್ಕೆ ಬಂದಾಗ ಒಂದೇ ದನಿಯಲ್ಲಿ ಮಾತಾಡುತ್ತಾಳೆ ಅಂತ ನಿರೀಕ್ಷಿಸುವುದು ತಪ್ಪು. ಗಂಡಸರಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ ಅಲ್ವಾ?

ಇಷ್ಟೆಲ್ಲ ಕೆಲಸದ ನಡುವೆ ದೇಶಕ್ಕೆ ಜಾಸ್ತಿ ನೆನಪಿರುವುದು ಒಂದು ಫೋಟೊ. ಬರಿ ಭುಜ ಕಾಣುವ ಹಾಗೆ, ವಕೀಲರ ಗೌನನ್ನು ಮುಂದೆ ಹಿಡಿದು ನಿಂತ ಚಿತ್ರ. ಒಬ್ಬ ಮಹಿಳಾ ಛಾಯಾಗ್ರಾಹಕಿ ತೆಗೆದದ್ದು. ಸಾಮಾನ್ಯ ಸಂಜೆಯುಡುಗೆಯಲ್ಲಿ ಕಾಣುವಷ್ಟೇ ಭುಜ. ಅದರ ಮೇಲೆ ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಒಪ್ಪಿಗೆಯ ಕಾನೂನು ಬರೆದ ಮಂತ್ರಿಯ ಭುಜದ ಬಗ್ಗೆ.

ಕುರ್ಚಿಯ ಕೆಳಗಿನ ನೆಲ

1993ರ ಜನವರಿಯಲ್ಲಿ ಅವರು ರಕ್ಷಣಾ ಮಂತ್ರಿ ಆದರು. ಅಲ್ಲೂ ಮೊದಲ ಮಹಿಳೆ. ಫೆಬ್ರವರಿಯಲ್ಲಿ ಮಲ್ರೋನಿ ತಾವು ಇಳಿಯುವುದಾಗಿ ಹೇಳಿದರು. ಅವರ ಪಕ್ಷದ ಸ್ಥಿತಿ ಆಗ ಹೇಗಿತ್ತು ನೋಡಿ.

1991ರ ಜನವರಿಯಿಂದ ದೇಶದಲ್ಲಿ 7% ಜಿಎಸ್‌ಟಿ ಜಾರಿಗೆ ಬಂದಿತ್ತು. ಪ್ರತಿ ಬಿಲ್ಲಿನಲ್ಲೂ ಕಣ್ಣಿಗೆ ಕಾಣುವ ತೆರಿಗೆ, ಜನ ಪ್ರತಿದಿನ ಶಪಿಸುತ್ತಿದ್ದರು. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತ. ನಿರುದ್ಯೋಗ 11% ಆಸುಪಾಸು. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯವನ್ನು ಸಮಾಧಾನ ಮಾಡಲು ಸಂವಿಧಾನ ತಿದ್ದುವ ಪ್ರಯತ್ನ ಎರಡು ಸಲ ಮುರಿದುಬಿತ್ತು. 1990ರಲ್ಲಿ ಒಮ್ಮೆ, 1992ರ ಅಕ್ಟೋಬರ್ ಜನಮತಗಣನೆಯಲ್ಲಿ ಮತ್ತೊಮ್ಮೆ.

ಮಲ್ರೋನಿ ಎರಡು ಸಲ ಬಹುಮತ ಪಡೆದಿದ್ದು ಒಂದು ವಿಚಿತ್ರ ಕೂಟದಿಂದ. ಕ್ವಿಬೆಕ್‌ನ ಭಾಷಾಭಿಮಾನಿಗಳು ಒಂದು ಕಡೆ. ಪಶ್ಚಿಮದ ಸಂಪ್ರದಾಯವಾದಿ ರೈತರು, ವ್ಯಾಪಾರಿಗಳು ಇನ್ನೊಂದು ಕಡೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಸಿಟ್ಟು. 1987ರಲ್ಲೇ ಪಶ್ಚಿಮದಲ್ಲಿ ಪ್ರೆಸ್ಟನ್ ಮ್ಯಾನಿಂಗ್ ರಿಫಾರ್ಮ್ ಪಕ್ಷ ಕಟ್ಟಿದ್ದರು. ಮಲ್ರೋನಿ ಅವರದೇ ಮಂತ್ರಿಯಾಗಿದ್ದ ಲೂಸಿಯೆನ್ ಬುಶಾರ್ 1990ರಲ್ಲಿ ಹೊರಬಂದು, ಕ್ವಿಬೆಕ್ ಪ್ರತ್ಯೇಕ ದೇಶವಾಗಬೇಕು ಎನ್ನುವ ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೆ ದಾರಿ ಮಾಡಿದರು. ಅಂದರೆ ಪಕ್ಷದ ಎರಡು ಕಾಲೂ ಕ್ಯಾಂಬೆಲ್ ಬರುವ ಮೊದಲೇ ಮುರಿದಿದ್ದವು.

ಜೂನ್ 13ರಂದು ಒಟ್ಟಾವಾದಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಕ್ಯಾಂಬೆಲ್ ಜಾನ್ ಶಾರೆ ಅವರನ್ನು ಎರಡನೇ ಸುತ್ತಿನಲ್ಲಿ ಸೋಲಿಸಿದರು. 1,817 ಮತಕ್ಕೆ 1,630. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲೊಂದು ಗಾದೆ ಇದೆ. ಇಲ್ಲಿ ಕೊಳ್ಳೆ ಹೋದ ಕೋಟೆಯ ಕೀಲಿಕೈಯನ್ನು ಹೊಸಬರ ಕೈಗೆ ಕೊಟ್ಟರು. ಚುನಾವಣೆಗೆ ಉಳಿದಿದ್ದದ್ದು ಕೆಲವೇ ತಿಂಗಳು.

2005ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಇದಕ್ಕೊಂದು ಹೆಸರಿಟ್ಟರು. ಗ್ಲಾಸ್ ಕ್ಲಿಫ್. ಕಾಲಿಟ್ಟರೆ ಜಾರುವ ಬಂಡೆಯ ಅಂಚು ಎನ್ನಬಹುದು. ಅವರು ನೋಡಿದ್ದು ಬ್ರಿಟನ್ನಿನ ದೊಡ್ಡ ಕಂಪನಿಗಳನ್ನು. ಷೇರು ಬೆಲೆ ತಿಂಗಳುಗಟ್ಟಲೆ ಕುಸಿಯುತ್ತಿದ್ದಾಗ ಬೋರ್ಡಿಗೆ ಮಹಿಳೆಯನ್ನು ತರುವುದು ಹೆಚ್ಚು ಎಂದು ಅವರಿಗೆ ಕಂಡಿತು. ಹಾಗಾಗಿ ಹೆಣ್ಣು ಬಂದದ್ದರಿಂದ ಕಂಪನಿ ಕುಸಿಯಿತು ಅನ್ನುವುದು ತಲೆಕೆಳಗಾದ ಲೆಕ್ಕ. ಕುಸಿಯುತ್ತಿದ್ದದ್ದರಿಂದ ಹೆಣ್ಣನ್ನು ಕರೆದರು.

ಮತದ ಲೆಕ್ಕ

ಆ ಬೇಸಿಗೆಯಲ್ಲಿ ಕ್ಯಾಂಬೆಲ್ ಜನಪ್ರಿಯರೇ ಆಗಿದ್ದರು. ಹೊಸ ಮುಖ, ನೇರ ಮಾತು. ದೇಶ ಸುತ್ತಿದರು. ಮಂತ್ರಿಮಂಡಲವನ್ನು ಚಿಕ್ಕದು ಮಾಡಿದರು. ಆದರೆ ಸೆಪ್ಟೆಂಬರ್‌ನಲ್ಲಿ ಚುನಾವಣೆ ಘೋಷಣೆ ಆದ ಮೇಲೆ ತಪ್ಪುಗಳು ಒಂದರ ಹಿಂದೆ ಒಂದು ಬಂದವು. ಈ ಶತಮಾನ ಮುಗಿಯುವ ಮೊದಲು ನಿರುದ್ಯೋಗ ಅಷ್ಟಾಗಿ ಇಳಿಯಲಾರದು ಎಂಬ ಅರ್ಥದಲ್ಲಿ ಮೊದಲ ದಿನವೇ ಮಾತಾಡಿದರು. ಸತ್ಯ ಹೇಳಿದರು ಅನ್ನಬಹುದು. ಕೆಲಸ ಹುಡುಕುತ್ತಿದ್ದವನಿಗೆ ಮಾತ್ರ ಅದು ತಣ್ಣೀರು ಎರಚಿದ ಹಾಗಾಯಿತು. ಸಾಮಾಜಿಕ ಯೋಜನೆಗಳನ್ನು ಹೇಗೆ ಬದಲಿಸುತ್ತೀರಿ ಎಂದು ಕೇಳಿದಾಗ, ಇಷ್ಟು ದೊಡ್ಡ ವಿಷಯ ಚರ್ಚಿಸಲು ಚುನಾವಣೆಯ 47 ದಿನ ಸಾಲದು ಎಂದರು. ಚುನಾವಣೆ ಗಂಭೀರ ವಿಷಯ ಮಾತಾಡುವ ಹೊತ್ತಲ್ಲ ಎಂದರು ಅಂತ ಅದು ಪತ್ರಿಕೆಯಲ್ಲಿ ಬಂತು. ಕೊನೆಗೆ ಅವರ ಪಕ್ಷದ ಒಂದು ಟಿವಿ ಜಾಹೀರಾತು. ಎದುರಾಳಿ ಜಾನ್ ಕ್ರೆಟಿಯೆನ್ ಅವರ ಬಾಯಿ ಚಿಕ್ಕಂದಿನಿಂದ ಒಂದು ಬದಿಗೆ ಸೊಟ್ಟ. ಜಾಹೀರಾತು ಆ ಮುಖವನ್ನೇ ಎತ್ತಿ ತೋರಿಸಿತು. ಜನ ಸಿಟ್ಟಾದರು. ಕ್ಯಾಂಬೆಲ್ ಕ್ಷಮೆ ಕೇಳಿ ಅದನ್ನು ಹಿಂದಕ್ಕೆ ತೆಗೆಸಿದರು. ಹೊತ್ತು ಮೀರಿತ್ತು.

ಈ ತಪ್ಪುಗಳು ಅವರ ಲೆಕ್ಕಕ್ಕೇ ಸೇರಬೇಕು, ಸಂಶಯ ಇಲ್ಲ. ಆದರೆ 156 ಸಂಸದರಿದ್ದ ಪಕ್ಷ ಎರಡಕ್ಕೆ ಇಳಿಯಲು ಜಾಹೀರಾತು ಸಾಲದು. ಅದಕ್ಕೆ ಕಾರಣ ಮತಗಳ ಹಂಚಿಕೆ. ಕನ್ಸರ್ವೇಟಿವರಿಗೆ ಬಿದ್ದದ್ದು 16% ಮತ. ಸಿಕ್ಕಿದ್ದು 2 ಸೀಟು. ಬ್ಲಾಕ್ ಕ್ವಿಬೆಕ್ವಾಗೆ 13.5% ಮತ, 54 ಸೀಟು. ಮತ ಕಡಿಮೆ ಬಿದ್ದವರು ಅಧಿಕೃತ ವಿರೋಧ ಪಕ್ಷವಾದರು! ರಿಫಾರ್ಮ್ ಪಕ್ಷಕ್ಕೆ ಸುಮಾರು 19% ಮತ, 52 ಸೀಟು. ನಮ್ಮಲ್ಲಿರುವ ಪದ್ಧತಿಯೇ ಅಲ್ಲೂ ಇರುವುದು. ಒಂದು ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಮತವೋ ಅವರು ಗೆದ್ದರು. ಮತ ಒಂದೇ ಕಡೆ ಗುಂಪಾಗಿದ್ದ ಪಕ್ಷಗಳು ಗೆದ್ದವು. ದೇಶ ತುಂಬಾ ತೆಳ್ಳಗೆ ಹರಡಿದ್ದ ಪಕ್ಷ ಅಳಿಸಿಹೋಯಿತು. ಉಳಿದ ಆ ಇಬ್ಬರಲ್ಲಿ ಒಬ್ಬರು ಶಾರೆ. ಇನ್ನೊಬ್ಬರು ಎಲ್ಸಿ ವೇನ್, ಸೇಂಟ್ ಜಾನ್ ನಗರದ ಮೇಯರ್ ಆಗಿದ್ದ ಮಹಿಳೆ.

ಇನ್ನೊಂದು ಹೋಲಿಕೆ ನನ್ನನ್ನು ಬಹಳ ಕಾಡಿದೆ. 1984ರಲ್ಲಿ ಲಿಬರಲ್ ಪಕ್ಷದ ಜಾನ್ ಟರ್ನರ್ ಇಂಥದ್ದೇ ಸ್ಥಿತಿಯಲ್ಲಿ ಪ್ರಧಾನಿಯಾದರು. ದೀರ್ಘಕಾಲ ಆಳಿದ ಪಿಯರ್ ಟ್ರುಡೊ ಇಳಿದ ಮೇಲೆ ಕುರ್ಚಿ ಹತ್ತಿ, ಕೂಡಲೇ ಚುನಾವಣೆಗೆ ಹೋಗಿ, ಹೀನಾಯವಾಗಿ ಸೋತರು. ಒಟ್ಟು 79 ದಿನ. ಪಕ್ಷ 40 ಸೀಟಿಗೆ ಇಳಿಯಿತು. ಆದರೂ ಟರ್ನರ್ ಪಕ್ಷದ ನಾಯಕರಾಗಿ ಉಳಿದರು. 1988ರಲ್ಲಿ ಇನ್ನೊಮ್ಮೆ ಪಕ್ಷವನ್ನು ಚುನಾವಣೆಗೆ ಒಯ್ದು 83 ಸೀಟು ತಂದರು. 1984ರಲ್ಲಿ ಅವರು ಸ್ವಂತ ಸೀಟು ಗೆದ್ದಿದ್ದರು, ಆ ವ್ಯತ್ಯಾಸ ಇದೆ. ಅವರ ಸೋಲನ್ನು ನೋಡಿ ಗಂಡಸರಿಗೆ ಈ ಕೆಲಸ ಆಗುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಕ್ಯಾಂಬೆಲ್ ಡಿಸೆಂಬರ್‌ನಲ್ಲೇ ರಾಜೀನಾಮೆ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಲಿಬರಲ್ಲರಾಗಲಿ ಕನ್ಸರ್ವೇಟಿವರಾಗಲಿ ಮಹಿಳೆಯೊಬ್ಬರನ್ನು ಪೂರ್ಣಾವಧಿ ನಾಯಕಿಯಾಗಿ ಆರಿಸಿ ದೇಶದ ಚುನಾವಣೆಗೆ ಹೋಗಿಲ್ಲ.

ಪ್ರಾಂತ್ಯಗಳು ಹೇಳುವುದೇನು

ಕೇಂದ್ರದಲ್ಲಿ ಒಂದೇ ಉದಾಹರಣೆ ಇರುವುದರಿಂದ ಪ್ರಾಂತ್ಯಗಳತ್ತ ನೋಡಬೇಕು. ಕ್ಯಾಂಬೆಲ್ ಬಿಟ್ಟು ಬಂದ ಆ ಸೋಷಿಯಲ್ ಕ್ರೆಡಿಟ್ ಪಕ್ಷ ಏನಾಯಿತು? 1991ರ ಏಪ್ರಿಲ್‌ನಲ್ಲಿ ವ್ಯಾಂಡರ್ ಜಾಮ್ ಸ್ವಂತ ಆಸ್ತಿ ಮಾರಾಟದ ವಿವಾದದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು. ರೀಟಾ ಜಾನ್ಸ್‌ಟನ್ ಪ್ರೀಮಿಯರ್ ಆದರು, ಇಡೀ ಕೆನಡಾದ ಮೊದಲ ಮಹಿಳಾ ಪ್ರೀಮಿಯರ್. ಅಕ್ಟೋಬರ್‌ನಲ್ಲಿ ಚುನಾವಣೆ. ಪಕ್ಷ 7 ಸೀಟಿಗೆ ಇಳಿಯಿತು. ಕ್ಯಾಂಬೆಲ್ ಕುರ್ಚಿ ಹತ್ತುವ ಎರಡು ವರ್ಷ ಮೊದಲೇ, ಅವರ ಹಳೇ ಮನೆಯಲ್ಲೇ ಇದೇ ನಾಟಕ ನಡೆದು ಮುಗಿದಿತ್ತು.

2013ರ ಆರಂಭದಲ್ಲಿ ಕೆನಡಾದಲ್ಲಿ ಒಟ್ಟಿಗೆ ಆರು ಮಹಿಳಾ ಪ್ರೀಮಿಯರ್‌ಗಳಿದ್ದರು. ಒಂಟಾರಿಯೊ, ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ನ್ಯೂಫೌಂಡ್‌ಲ್ಯಾಂಡ್, ನುನಾವುಟ್. ದೇಶದ ಬಹುಪಾಲು ಜನ ಮಹಿಳಾ ಪ್ರೀಮಿಯರ್ ಆಳ್ವಿಕೆಯಲ್ಲಿದ್ದರು. 2019ರ ಮೇ ಹೊತ್ತಿಗೆ ಒಬ್ಬರೂ ಉಳಿದಿರಲಿಲ್ಲ. ಆ ಆರರಲ್ಲಿ ಹಲವರು ದಣಿದ ಸರ್ಕಾರವನ್ನು ನಡುದಾರಿಯಲ್ಲಿ ವಹಿಸಿಕೊಂಡವರು. ಬ್ರಿಟಿಷ್ ಕೊಲಂಬಿಯಾದ ಕ್ರಿಸ್ಟಿ ಕ್ಲಾರ್ಕ್, ಒಂಟಾರಿಯೊದ ಕ್ಯಾಥ್ಲೀನ್ ವಿನ್ ಹಾಗೆ ಬಂದವರೇ. ಇಬ್ಬರೂ ಮೊದಲು ಚುನಾವಣೆ ಗೆದ್ದು ತೋರಿಸಿದರು. ವಿನ್ 2014ರಲ್ಲಿ ಬಹುಮತವನ್ನೇ ತಂದರು. 2018ರಲ್ಲಿ ಅವರ ಪಕ್ಷ 7 ಸೀಟಿಗೆ ಬಿತ್ತು.

ಹಾಗಂತ ಎಲ್ಲವನ್ನೂ ಈ ಒಂದು ಅಳತೆಗೋಲಿನಲ್ಲಿ ಅಳೆಯಲು ನಾನು ಒಪ್ಪುವುದಿಲ್ಲ. ಕ್ಯಾಥರೀನ್ ಕಾಲ್ಬೆಕ್ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಎಂಬ ಪುಟ್ಟ ಪ್ರಾಂತ್ಯದ ಶಾಸಕಿಯಾಗಿದ್ದವರು. ಆಮೇಲೆ ಸಂಸದೆ ಆದರು. ವಾಪಸ್ ಬಂದು ಪ್ರೀಮಿಯರ್ ಆದರು, 1993ರ ಮಾರ್ಚ್‌ನಲ್ಲಿ ಚುನಾವಣೆ ಗೆದ್ದು ಮುಂದುವರಿದರು. ಪ್ರಾಂತ್ಯದ ಚುನಾವಣೆಯಲ್ಲಿ ಪಕ್ಷವನ್ನು ಗೆಲ್ಲಿಸಿದ ಮೊದಲ ಮಹಿಳಾ ಪ್ರೀಮಿಯರ್ ಅವರೇ. ಕ್ಯಾಂಬೆಲ್ ಸೋತ ವರ್ಷದಲ್ಲೇ ಇದು ನಡೆದದ್ದು. ಆದರೆ ಇದನ್ನು ನೆನೆಯುವವರು ಕಡಿಮೆ. ಆಲ್ಬರ್ಟಾದ ರೇಚಲ್ ನಾಟ್ಲಿ 2015ರಲ್ಲಿ 4 ಸೀಟಿದ್ದ ಪಕ್ಷವನ್ನು 54ಕ್ಕೆ ಏರಿಸಿದರು. ಅವರಿಗೆ ಯಾರೂ ಹಳೇ ಕೀಲಿಕೈ ಕೊಡಲಿಲ್ಲ, ಬಾಗಿಲನ್ನು ತಾವೇ ತೆರೆದರು. 2023ರಲ್ಲಿ ಅದೇ ಆಲ್ಬರ್ಟಾದಲ್ಲಿ ಡೇನಿಯಲ್ ಸ್ಮಿತ್ ಮತ್ತು ನಾಟ್ಲಿ ಎದುರುಬದುರು ನಿಂತರು. ಇಬ್ಬರೂ ಹೆಣ್ಣು, ಒಬ್ಬರು ಬಲ, ಒಬ್ಬರು ಎಡ. ಸ್ಮಿತ್ ಗೆದ್ದರು. ತೈಲ, ಆಸ್ಪತ್ರೆ, ತೆರಿಗೆ ಇವುಗಳ ಮೇಲೆ ಮತ ಬಿತ್ತು. ನನಗೆ ಆ ಚುನಾವಣೆ ತುಂಬಾ ಸಮಾಧಾನ ಕೊಟ್ಟಿತು.

ಫ್ರೀಲ್ಯಾಂಡ್ ಅವರದು ಮೂರನೇ ಬಗೆಯ ಕತೆ. 2024ರ ಡಿಸೆಂಬರ್ 16ರಂದು, ಆರ್ಥಿಕ ವರದಿ ಮಂಡಿಸಬೇಕಿದ್ದ ದಿನವೇ ಅವರು ರಾಜೀನಾಮೆ ಕೊಟ್ಟರು. ಹಣಕಾಸು ಖಾತೆ ಬಿಡಬೇಕಾಗುತ್ತದೆ ಎಂದು ಟ್ರುಡೊ ಹಿಂದಿನ ಶುಕ್ರವಾರ ಫ್ರೀಲ್ಯಾಂಡ್ ಅವರಿಗೆ ಹೇಳಿದ್ದರು. ಆಗ ಲಿಬರಲ್ ಪಕ್ಷ ಸಮೀಕ್ಷೆಗಳಲ್ಲಿ 20 ಅಂಶಗಳಷ್ಟು ಹಿಂದಿತ್ತು. ಆ ಪತ್ರ ಟ್ರುಡೊ ಅವರನ್ನು ಅಲ್ಲಾಡಿಸಿತು, ಜನವರಿ 6ರಂದು ಅವರು ಇಳಿಯುವುದಾಗಿ ಘೋಷಿಸಿದರು. ಅಷ್ಟರಲ್ಲಿ ಟ್ರಂಪ್ ಸುಂಕದ ಬೆದರಿಕೆ ಜೋರಾಯಿತು. ಕೆನಡಾವನ್ನು ಅಮೆರಿಕದ 51ನೇ ರಾಜ್ಯ ಮಾಡುವ ಮಾತು ಬಂತು. ಜನ ಸಿಡಿದೆದ್ದರು. ಮುಳುಗುತ್ತಿದ್ದ ಪಕ್ಷ ತೇಲತೊಡಗಿತು. ಆಗ ಸದಸ್ಯರು ಆರಿಸಿದ್ದು ಬ್ಯಾಂಕರ್ ಕಾರ್ನಿ ಅವರನ್ನು. ಫ್ರೀಲ್ಯಾಂಡ್ ಅವರಿಗೆ ಟ್ರುಡೊ ಸರ್ಕಾರದ ಭಾರ ಇತ್ತು, ಕಾರ್ನಿಗೆ ಇರಲಿಲ್ಲ. ಇದು ದೊಡ್ಡ ಕಾರಣ. ಹೆಣ್ಣು ಎಂಬುದೊಂದೇ ಕಾರಣ ಅನ್ನಲಾಗದು. ಆದರೆ ಮಾರ್ಚ್‌ನಲ್ಲಿ ಕಾರ್ನಿ ಮಾಡಿದ ಮೊದಲ ಮಂತ್ರಿಮಂಡಲದಲ್ಲಿ ಮಹಿಳಾ ಖಾತೆಗೆ ಪ್ರತ್ಯೇಕ ಮಂತ್ರಿಯೇ ಇರಲಿಲ್ಲ. ಮೇ ತಿಂಗಳಲ್ಲಿ ಅದನ್ನು ಮತ್ತೆ ತಂದರು.

ದೆಹಲಿ, ಬಳ್ಳಾರಿ

ಇದೆಲ್ಲ ಕೆನಡಾದ ಮಾತು ಅಂತ ಬಿಡಲು ನಮಗೆ ಆಗುವುದಿಲ್ಲ. 1998ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಈರುಳ್ಳಿ ಬೆಲೆ ಆಕಾಶಕ್ಕೇರಿತ್ತು. ಚುನಾವಣೆಗೆ ಕೆಲವೇ ವಾರ. ಬಿಜೆಪಿ ಮುಖ್ಯಮಂತ್ರಿಯನ್ನು ಬದಲಿಸಿ ಸುಷ್ಮಾ ಸ್ವರಾಜ್ ಅವರನ್ನು ಕೂರಿಸಿತು. 52 ದಿನ. ಪಕ್ಷ 70ರಲ್ಲಿ 15 ಸೀಟಿಗೆ ಇಳಿಯಿತು. ಮುಂದಿನ ವರ್ಷ ಅದೇ ಸುಷ್ಮಾ ಅವರನ್ನು ಪಕ್ಷ ಕಳಿಸಿದ್ದು ಬಳ್ಳಾರಿಗೆ, ಸೋನಿಯಾ ಗಾಂಧಿ ಎದುರು. ಬಳ್ಳಾರಿ ಆವರೆಗೆ ಕಾಂಗ್ರೆಸ್ಸಿನ ಭದ್ರಕೋಟೆ. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಸೋತರೂ ಅಂತರವನ್ನು 56 ಸಾವಿರಕ್ಕೆ ತಂದು ನಿಲ್ಲಿಸಿದರು. ಎರಡು ವರ್ಷದಲ್ಲಿ ಎರಡು ಕಷ್ಟದ ಕೆಲಸ, ಎರಡೂ ಅವರ ಪಾಲಿಗೇ. 2024ರ ಸೆಪ್ಟೆಂಬರ್‌ನಲ್ಲಿ ಆತಿಶಿ ಅದೇ ದೆಹಲಿಯ ಕುರ್ಚಿಗೆ ಬಂದಾಗಲೂ ಚುನಾವಣೆಗೆ ಕೆಲವೇ ತಿಂಗಳಿತ್ತು. ಪಕ್ಷ ಸೋತಿತು. ಅವರು ಮಾತ್ರ ತಮ್ಮ ಸೀಟು ಉಳಿಸಿಕೊಂಡರು.

ಕರ್ನಾಟಕದಲ್ಲಿ ಇಂಥ ಕೊಳ್ಳೆ ಹೋದ ಕೋಟೆಯ ಕೀಲಿಕೈಯೂ ಹೆಣ್ಣಿನ ಕೈಗೆ ಬಂದಿಲ್ಲ. ನಮಗೆ ಈವರೆಗೆ ಮಹಿಳಾ ಮುಖ್ಯಮಂತ್ರಿ ಇಲ್ಲ. 2023ರ ವಿಧಾನಸಭೆಗೆ 224ರಲ್ಲಿ ಆರಿಸಿ ಬಂದ ಮಹಿಳೆಯರು 10. ಕೆನಡಾದ ಕೆಳಮನೆಯಲ್ಲಿ ಅವರ ಪಾಲು ಸುಮಾರು 30%, ನಮ್ಮ ಲೋಕಸಭೆಗೆ 2024ರ ಚುನಾವಣೆಯಲ್ಲಿ ಆರಿಸಿ ಬಂದವರು 543ರಲ್ಲಿ 74. ಆದರೆ ಕೆಳಗಿನ ಮೆಟ್ಟಿಲು ನಮ್ಮಲ್ಲಿ ಚೆನ್ನಾಗಿಯೇ ಇದೆ. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲೇ ಕಾಲು ಭಾಗ ಸೀಟು ಮಹಿಳೆಯರಿಗೆ ಮೀಸಲಿತ್ತು. ಈಗ ಪಂಚಾಯಿತಿಗಳಲ್ಲಿ ಅರ್ಧ. ಪಂಚಾಯಿತಿಯಿಂದ ವಿಧಾನಸೌಧಕ್ಕೆ ಹೋಗುವ ನಡುವಿನ ಮೆಟ್ಟಿಲುಗಳೇ ಕಾಣೆ. ಶಾಸನಸಭೆಗಳಲ್ಲಿ ಮೂರರಲ್ಲಿ ಒಂದು ಸೀಟು ಮಹಿಳೆಯರಿಗೆ ಎಂದು 2023ರಲ್ಲಿ ಸಂವಿಧಾನಕ್ಕೆ 106ನೇ ತಿದ್ದುಪಡಿ ಬಂತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿದೆ. ಅದು ಸೀಟಿಗೆ ಮಾತ್ರ ಅನ್ವಯ. ಪಕ್ಷದ ನಾಯಕತ್ವಕ್ಕೆ ಯಾವ ಮೀಸಲಾತಿಯೂ ಇಲ್ಲ. ಟಿಕೆಟ್ ಹಂಚುವ ಕೋಣೆಯೊಳಗೆ ಯಾರು ಕೂರುತ್ತಾರೆ ಎಂಬುದು ಹಾಗೇ ಉಳಿಯುತ್ತದೆ.

ಬಳ್ಳಾರಿ ಮಹಿಳಾ ಮೀಸಲಾತಿ ಇಲ್ಲದೆಯೂ ಹೆಣ್ಣುಮಕ್ಕಳನ್ನು ಕಳಿಸಿದ ಊರು. ಬಸವರಾಜೇಶ್ವರಿ ಅವರು 1984ರಿಂದ ಮೂರು ಸಲ ಅಲ್ಲಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. 1999ರಲ್ಲಿ ಸೋನಿಯಾ, 2009ರಲ್ಲಿ ಜೆ. ಶಾಂತಾ. ಒಮ್ಮೆ ಹೆಣ್ಣಿಗೆ ಮತ ಹಾಕಿದ ಕ್ಷೇತ್ರಕ್ಕೆ ಇನ್ನೊಮ್ಮೆ ಹಾಕುವುದು ಕಷ್ಟ ಆಗುವುದಿಲ್ಲ.

ಕ್ಯಾಂಬೆಲ್ ಸೋತ ಆ ವ್ಯಾಂಕೂವರ್ ಸೆಂಟರ್ ಕೂಡ ಹಾಗೇ. 1993ರಲ್ಲಿ ಅಲ್ಲಿ ಪ್ರಧಾನಿಯನ್ನು ಸೋಲಿಸಿದ್ದು ಹೆಡಿ ಫ್ರೈ ಎಂಬ ವೈದ್ಯೆ, ಟ್ರಿನಿಡಾಡ್‌ನಲ್ಲಿ ಹುಟ್ಟಿ ಕೆನಡಾಕ್ಕೆ ಬಂದವರು. ಆಮೇಲೆ ಪ್ರತಿ ಚುನಾವಣೆಯಲ್ಲೂ ಅವರೇ ಗೆದ್ದಿದ್ದಾರೆ. 2025ರ ಏಪ್ರಿಲ್‌ನಲ್ಲೂ ಗೆದ್ದರು. 1980ರಲ್ಲಿ ಪ್ಯಾಟ್ ಕಾರ್ನಿ ಆರಿಸಿ ಬಂದಂದಿನಿಂದ ಆ ಕ್ಷೇತ್ರ ಒಬ್ಬ ಗಂಡಸನ್ನೂ ಒಟ್ಟಾವಾಗೆ ಕಳಿಸಿಲ್ಲ.